ಹಣ ಕೊಟ್ಟು ಹೈಡಿನಲ್ಲಿ ಕೂತು ತೆಗೆದ ಹಕ್ಕಿಚಿತ್ರ: ಹವ್ಯಾಸವೇ, ಖರೀದಿಯೇ?

ಕೆರೆಯಂಚು:
ಕಳೆದ ಚಳಿಗಾಲದಿಂದ ನಮ್ಮ ಹವ್ಯಾಸಿ ಬಳಗದವರು ಹಂಚಿಕೊಳ್ಳುತ್ತಿರುವ ಹಕ್ಕಿಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ತೆಗೆದವರು ಬೇರೆ ಬೇರೆಯಾದರೂ ಚಿತ್ರ ಒಂದೇ ಎನ್ನಿಸುತ್ತದೆ. ಪಾಚಿ ಕಟ್ಟಿದ ಅದೇ ಕೊಂಬೆ, ಹಿಂದೆ ಮಸುಕಾದ ಅದೇ ಹಸಿರು, ಕೊಂಬೆಯ ಮೇಲೆ ಉದ್ದ ಬಾಲ ಇಳಿಬಿಟ್ಟ ಅದೇ ರಾಜಹಕ್ಕಿ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಮಲೆನಾಡಿನ ತೋಟಗಳಲ್ಲಿ, ರೆಸಾರ್ಟುಗಳ ಹಿತ್ತಿಲಲ್ಲಿ ಹೈಡುಗಳು, ಅಂದರೆ ಹಕ್ಕಿಗೆ ಕಾಣದಂತೆ ಕೂತು ಚಿತ್ರ ತೆಗೆಯುವ ಮರೆಗಳು, ಎದ್ದಿವೆ. ತಲೆಗೆ ಒಂದೆರಡು ಸಾವಿರ ರೂಪಾಯಿ ಕೊಟ್ಟರೆ ಹಸಿರು ಬಲೆಯ ಮರೆಯಲ್ಲಿ ಒಂದು ಕುರ್ಚಿ ಸಿಗುತ್ತದೆ; ಎದುರಿಗೆ ನೀರಿನ ತೊಟ್ಟಿ, ಅದರ ಪಕ್ಕದಲ್ಲಿ ಲೆನ್ಸಿನ ಅಳತೆಗೆ ಸರಿಯಾಗಿ ನೆಟ್ಟ ಕೊಂಬೆ, ಹಿನ್ನೆಲೆಯಲ್ಲಿ ಗೊಂದಲ ಕಾಣದಂತೆ ಸವರಿ ಇಟ್ಟ ಪೊದೆ. ಹಕ್ಕಿ ಎಲ್ಲಿ ಕೂರಬೇಕು, ಬೆಳಕು ಯಾವ ಕಡೆಯಿಂದ ಬೀಳಬೇಕು ಎಂಬುದನ್ನೆಲ್ಲ ಹೈಡಿನ ಮಾಲೀಕರು ಮೊದಲೇ ತೀರ್ಮಾನಿಸಿರುತ್ತಾರೆ. ನಮಗೆ ಉಳಿಯುವುದು ಗುಂಡಿ ಒತ್ತುವ ಕೆಲಸ ಮಾತ್ರ.

ಹೆಬ್ಬಾಳ, ಹೆಸರಘಟ್ಟ, ಮೈಸೂರಿನ ಕುಕ್ಕರಹಳ್ಳಿ ಕೆರೆಗಳ ಏರಿಯ ಮೇಲೆ ರಜೆಯ ಬೆಳಗನ್ನು ಕಳೆದು, ಹೆಚ್ಚಿನ ದಿನ ಬರಿಗೈಲಿ ಮರಳಿ, ಎಂದೋ ಒಮ್ಮೆ ಮಿಂಚುಳ್ಳಿಯೊಂದು ತಾನಾಗಿ ಸಮೀಪದ ಗೂಟದ ಮೇಲೆ ಬಂದು ಕೂತಾಗ ಸಿಗುವ ಚಿತ್ರವೂ ಹೈಡಿನ ಚಿತ್ರವೂ ಒಂದೇ ಹವ್ಯಾಸದ ಫಲವೆಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಾಗುತ್ತಿಲ್ಲ. ಒಂದು ನಾವು ಗಳಿಸಿದ್ದು, ಇನ್ನೊಂದು ಕೊಂಡದ್ದು. ಭಿನ್ನಾಭಿಪ್ರಾಯವಿದ್ದವರು ದಯವಿಟ್ಟು ಹೇಳಬೇಕು.

ಸೂರಕ್ಕಿ:
ಭಿನ್ನಾಭಿಪ್ರಾಯ ಇದೆ ಸರ್. ಬ್ಯಾಂಕಿನ ನೌಕರಿಯವಳಾದ ನನಗೆ ತಿಂಗಳಲ್ಲಿ ಸಿಗುವ ಶನಿವಾರಗಳು ಎರಡೇ, ಎರಡನೆಯದು ಮತ್ತು ನಾಲ್ಕನೆಯದು. ಭಾನುವಾರ ಮನೆಗೆ ಸೇರಿದ್ದು. ಮಂಡಿ ನೋವಿನ ನಡುವೆ 2.3 ಕಿಲೋ ತೂಗುವ 200-500 ಲೆನ್ಸನ್ನು ಹೆಗಲಿಗೆ ಹಾಕಿಕೊಂಡು, ಬೆಳಕು ಹರಿಯುವ ಮೊದಲೇ ನಿರ್ಜನವಾದ ಕೆರೆಯ ಏರಿಯ ಮೇಲೆ ಒಬ್ಬಳೇ ನಡೆಯುವುದು ನಿಮಗೆ ಆನಂದವಾಗಿ ಕಾಣಬಹುದು. ಹೆಂಗಸೊಬ್ಬಳಿಗೆ ಅದು ಹೇಗಿರುತ್ತದೆ ಎಂಬುದನ್ನೂ ಯೋಚಿಸಬೇಕು. ಲೆನ್ಸಿನ ಬೆಲೆ ಬಲ್ಲ ಯಾರಾದರೂ ಹಿಂಬಾಲಿಸಿದರೆ ಕೂಗಿ ಕರೆಯಲು ಅಲ್ಲಿ ನೀರುಕಾಗೆಗಳ ಹೊರತು ಯಾರೂ ಇರುವುದಿಲ್ಲ.

ಗುಂಡಿ ಒತ್ತುವುದಷ್ಟೇ ಕೆಲಸ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ದಟ್ಟ ಮರಗಳ ನೆರಳಿನಲ್ಲಿ ಲೆನ್ಸನ್ನು 5.6ಕ್ಕೆ ಪೂರ್ತಿ ತೆರೆದು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒವನ್ನು 3200ಕ್ಕೆ ಏರಿಸಿದರೂ ಶಟರ್ ವೇಗ ಕೆಲವು ಸಲ ಸೆಕೆಂಡಿನ 1/160 ದಾಟುವುದಿಲ್ಲ. ಆ ವೇಗದಲ್ಲಿ ಹಕ್ಕಿ ಕತ್ತು ತಿರುಗಿಸಿದರೆ ಸಾಕು, ಕಣ್ಣು ಮಸುಕಾಗುತ್ತದೆ. ಅದು ತಲೆ ನಿಲ್ಲಿಸುವ ಕ್ಷಣ ಯಾವುದೆಂದು ಮೊದಲೇ ಊಹಿಸಲು ಹಕ್ಕಿಯನ್ನು ಗಂಟೆಗಟ್ಟಲೆ ನೋಡಿರಬೇಕು. ಪಿಕಳಾರಗಳು ಗುಂಪಾಗಿ ಗದ್ದಲ ಮಾಡುತ್ತ ಬರುವುದು, ಅವು ಧೈರ್ಯವಾಗಿ ಕುಡಿಯುವುದನ್ನು ಕಂಡ ಮೇಲೆ ಸಂಕೋಚದ ಹಕ್ಕಿಗಳು ಪೊದೆಯಿಂದ ಹೊರಬರುವುದು, ಬೆಳಕು ಇಳಿಯುತ್ತಿದ್ದಾಗ ಶ್ಯಾಮ ಹಕ್ಕಿ ಸ್ನಾನಕ್ಕೆ ಇಳಿಯುವುದು, ಇದನ್ನೆಲ್ಲ ನಾನು ಕಂಡು ಬರೆದಿಟ್ಟುಕೊಂಡದ್ದು ಹೈಡಿನ ಕುರ್ಚಿಯಲ್ಲಿ. ನಡೆಯುತ್ತಿದ್ದವರಿಗೆ ಅದು ಕಾಣುವುದು ಅಪರೂಪ.

ಹಳೇರೋಲು:
ಚರ್ಚೆಯಲ್ಲಿ ಚರಿತ್ರೆ ತಪ್ಪಿಹೋಗುತ್ತಿದೆ. ಮರೆಯಲ್ಲಿ ಕೂತು ಹಕ್ಕಿಯನ್ನು ಚಿತ್ರಿಸುವುದು ಈ ಹವ್ಯಾಸದಷ್ಟೇ ಹಳೆಯದು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಸಹೋದರರು ಸುಮಾರು 1900ರ ಹೊತ್ತಿಗೆ ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿ ಅದರ ಹೊಟ್ಟೆಯೊಳಗೆ ಅಡಗಿದ್ದರು. ಅರಣ್ಯಾಧಿಕಾರಿ ಎಫ್.ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲಿ ಉತ್ತರ ಭಾರತದ ಕಾಡುದಾರಿಗಳಲ್ಲಿ ತಂತಿ ಕಟ್ಟಿ, ಹುಲಿಯ ಕಾಲು ತಾಗಿದೊಡನೆ ಬೆಳಕು ಹೊತ್ತಿ ಕ್ಯಾಮೆರಾ ತಾನೇ ಚಿತ್ರ ತೆಗೆಯುವಂತೆ ಮಾಡಿದ್ದರು. ಗುಂಡಿ ಒತ್ತುವ ಕೆಲಸವನ್ನೂ ಅವರು ಹುಲಿಗೇ ವಹಿಸಿದ್ದರಲ್ಲ! ಆ ಚಿತ್ರಗಳು ಚಾಂಪಿಯನ್ನರವಲ್ಲ ಎಂದು ಯಾರೂ ಹೇಳಲಿಲ್ಲ.

ಹಣದ ಮಾತಿಗೂ ಇದೇ ಉತ್ತರ. ಸಲೀಂ ಅಲಿಯವರ ಸ್ನೇಹಿತರಾದ ಲೋಕ್ ವಾನ್ ಥೋ ಸಿಂಗಪುರದ ಚಿತ್ರಮಂದಿರಗಳ ಒಡೆಯರು. ಸಮುದ್ರದ ಗಿಡುಗವೊಂದರ ಗೂಡನ್ನು ಚಿತ್ರಿಸಲು ನೂರಡಿಗೂ ಎತ್ತರದ ಅಟ್ಟಣೆ ಕಟ್ಟಿಸಿದವರು. ನಮ್ಮ ವನ್ಯಜೀವಿ ಛಾಯಾಗ್ರಾಹಕ ಎಂ.ವೈ. ಘೋರ್ಪಡೆಯವರು ಸಂಡೂರಿನ ರಾಜಮನೆತನದವರು, ರಾಜ್ಯದ ಹಣಕಾಸು ಸಚಿವರೂ ಆಗಿದ್ದರು. ಕೈಯಲ್ಲಿ ಹಣ ಬಿಡುವು ಎರಡೂ ಇಲ್ಲದವನಿಗೆ ಈ ಹವ್ಯಾಸ ಎಂದೂ ಸುಲಭವಾಗಿ ಒಲಿದದ್ದಿಲ್ಲ. ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಪ್ರತಿ ಗುಂಡಿಗೂ ದುಡ್ಡು ಎಣಿಸುತ್ತಿದ್ದೆವು. ಇಂದು ಒಂದು ದಿನದ ಹೈಡಿನ ಶುಲ್ಕ ಕೊಡುವವನು ಹೊಸ ಪಾಪವನ್ನೇನೂ ಮಾಡುತ್ತಿಲ್ಲ.

ವ್ಯತ್ಯಾಸ ಇಲ್ಲವೇ ಎಂದರೆ, ಇದೆ. ಅವರು ಮರೆಯನ್ನು ತಾವೇ ಕಟ್ಟಿದರು, ಜಾಗವನ್ನು ತಾವೇ ಹುಡುಕಿದರು. ಓ.ಸಿ. ಎಡ್ವರ್ಡ್ಸ್ ಅವರಿಂದ ಕಲಿತ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಮತ್ತು ಅವರ ಸಮಕಾಲೀನರಾದ ಇ. ಹನುಮಂತರಾವ್ ಕಾಡಿನಲ್ಲಿ ಕಳೆದ ಕಾಲ ಯಾವ ಶುಲ್ಕಕ್ಕೂ ಸಿಗುವಂಥದ್ದಲ್ಲ. ಆದರೆ ಆ ಕಾಲದಲ್ಲಿ ಗೂಡಿನ ಬಳಿ ಹೈಡು ಕಟ್ಟಿ ಮರಿಗೆ ಗುಟುಕು ಕೊಡುವ ಚಿತ್ರ ತೆಗೆಯುವುದು ಎಲ್ಲೆಡೆ ಒಪ್ಪಿತವಾಗಿತ್ತು. ಇಂದು ಅಂಥ ಚಿತ್ರ ಹಾಕಿದರೆ ನಮ್ಮ ಬಳಗದಲ್ಲೇ ಛೀಮಾರಿ ಬೀಳುತ್ತದೆ. ಆದ್ದರಿಂದ ಹಿಂದಿನದೆಲ್ಲ ಪವಿತ್ರ, ಈಗಿನದೆಲ್ಲ ವ್ಯಾಪಾರ ಎಂದು ಗೆರೆ ಎಳೆಯುವುದು ಕಷ್ಟ.

ಬಯಲುಸೀಮೆ:
ಕೂತದ್ದು ಯಾರ ಕುರ್ಚಿಯ ಮೇಲೆ ಎಂಬುದು ದೊಡ್ಡ ವಿಷಯವೇ ಅಲ್ಲ. ಹಕ್ಕಿಯನ್ನು ಎದುರಿಗೆ ಬರಿಸಿದ್ದು ಏನು ಎಂಬುದನ್ನು ಕೇಳಬೇಕು. ನೀರಿಗೆ ಬರುವ ಹಕ್ಕಿ ತನ್ನ ಅಗತ್ಯಕ್ಕೆ ಬರುತ್ತದೆ, ಕುಡಿದು ಹೋಗುತ್ತದೆ. ಮೀಲ್‌ವರ್ಮ್ ಹುಳುಗಳನ್ನು ಕೊಂಬೆಯ ಸಂದಿಯಲ್ಲಿಟ್ಟು ಕರೆಸುವುದು ಬೇರೆ. ಆ ಹುಳುವಿನಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ದಿನವೂ ಸುಲಭವಾಗಿ ಸಿಗುತ್ತದೆಂದು ತಾಯಿಹಕ್ಕಿ ಅದನ್ನೇ ಮರಿಗಳಿಗೆ ಒಯ್ದರೆ ಬೆಳೆಯುವ ಮೂಳೆಗೆ ಒಳ್ಳೆಯದಲ್ಲ. ಇನ್ನು ಮೊಬೈಲಿನಲ್ಲಿ ಕೂಗು ಹಾಕಿ ಕರೆಸುವವರಿದ್ದಾರೆ. ಗಂಡುಹಕ್ಕಿ ತನ್ನ ಎಲ್ಲೆಯೊಳಗೆ ಪ್ರತಿಸ್ಪರ್ಧಿ ನುಗ್ಗಿದನೆಂದು ತಿಳಿದು ಕೆರಳಿ ಬರುತ್ತದೆ. ಎದುರಾಳಿ ಕಾಣುವುದಿಲ್ಲ, ಕೂಗು ನಿಲ್ಲುವುದಿಲ್ಲ. ನವರಂಗ ಹಕ್ಕಿಯ ಒಂದು ಚಿತ್ರಕ್ಕಾಗಿ ಅರ್ಧ ಗಂಟೆ ಹೀಗೆ ಸತಾಯಿಸುವವರು ಆ ಅರ್ಧ ಗಂಟೆ ಅದು ಮೇಯಬೇಕಾಗಿತ್ತು, ಗೂಡು ಕಾಯಬೇಕಾಗಿತ್ತು ಎಂಬುದನ್ನು ಮರೆಯುತ್ತಾರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ಯ ವ್ಯಾಖ್ಯೆಯನ್ನು ಓದಿದವರು ಕಡಿಮೆ. ಕೊಲ್ಲುವುದು, ಹಿಡಿಯುವುದು, ಬಲೆ ಹಾಕುವುದರ ಜೊತೆಗೆ ವನ್ಯಪ್ರಾಣಿಗೆ ಆಮಿಷ ಒಡ್ಡುವುದನ್ನೂ ಅಲ್ಲಿ ಸೇರಿಸಲಾಗಿದೆ. ಹಕ್ಕಿಯ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಅದರೊಳಗೆ ಬರುತ್ತದೆ. ಗೂಬೆಯನ್ನು ಬರಿಸಲು ಇಲಿ ಕಟ್ಟಿ ಚಿತ್ರ ತೆಗೆದು, ‘ಬೇಟೆಯ ಕ್ಷಣ’ ಎಂದು ಹೆಸರಿಡುವವರು ತಮಗೆ ತಿಳಿಯದೆಯೇ ಸತ್ಯ ಬರೆದಿರುತ್ತಾರೆ.

ಮಲೆಘಟ್ಟ:
ಜೋಯಿಡಾ ಕಡೆಯ ಮಾರ್ಗದರ್ಶಿ ನಾನು. ನಮ್ಮ ಸಂಬಂಧಿಕರ ಅಡಿಕೆ ತೋಟದಲ್ಲಿ ಒಂದು ಸಣ್ಣ ಹೈಡಿದೆ. ಆದ್ದರಿಂದ ಈ ಮಾತನ್ನು ಪಕ್ಷಪಾತವೆಂದು ಬೇಕಾದರೂ ತಿಳಿಯಿರಿ. ಗಣೇಶಗುಡಿಯ ಹಳೇ ಮ್ಯಾಗಜೀನ್ ಹೌಸನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ ಅದು. ಈಗ ಅಲ್ಲಿನ ಮರಗಳ ಕೆಳಗಿರುವ ನೀರಿನ ತೊಟ್ಟಿಗಳ ಮುಂದೆ ದೇಶದ ಎಲ್ಲ ಕಡೆಯ ಛಾಯಾಗ್ರಾಹಕರು ಕೂರುತ್ತಾರೆ. ಅದನ್ನು ಕಂಡೇ ನಮ್ಮವರಿಗೂ ತೋಟದ ಅಂಚಿನ ಕಾಡುಮರಗಳಿಗೆ ಬೆಲೆಯಿದೆ ಎಂದು ತಿಳಿದದ್ದು. ಹೈಡಿನ ಹಿಂದಿನ ಆ ತುಂಡು ಜಾಗವನ್ನು ಸವರಿ ಅಡಿಕೆ ಸಸಿ ನೆಡುವ ಮಾತು ನಮ್ಮಲ್ಲಿ ಎದ್ದಿತ್ತು. ಈಗ ಆ ಮಾತು ನಿಂತಿದೆ.

ಇನ್ನು ಹುಳು, ಕೂಗು ಇವುಗಳ ಬಗ್ಗೆ ಬಯಲುಸೀಮೆಯವರು ಹೇಳಿದ್ದು ಸರಿ. ಆದರೆ ಅದನ್ನು ಕೇಳುವವರು ಯಾರು? ಊರಿನಿಂದ ಬಂದ ಅತಿಥಿಗಳು. ಮಧ್ಯಾಹ್ನದವರೆಗೆ ರಾಜಹಕ್ಕಿ ಬಾರದಿದ್ದರೆ, ‘ಕೊಟ್ಟ ದುಡ್ಡಿಗೆ ಏನಾದರೂ ಮಾಡಿ’ ಎನ್ನುತ್ತಾರೆ. ಇಲ್ಲವೆಂದರೆ ಮುಂದಿನ ಸಲ ಪಕ್ಕದ ತೋಟಕ್ಕೆ ಹೋಗುತ್ತಾರೆ. ಮಾಲೀಕನ ಕಿವಿ ಹಿಂಡುವ ಮೊದಲು ಅತಿಥಿಯ ಆತುರವನ್ನೂ ಸ್ವಲ್ಪ ವಿಚಾರಿಸಬೇಕು.

ಮೂರುಗಾಲು:
ಸಲೋನ್ ಎಂಬ ಛಾಯಾಚಿತ್ರ ಸ್ಪರ್ಧೆಗಳಿಗೆ ಚಿತ್ರ ಕಳುಹಿಸುವವನಾಗಿ ಒಂದು ತಾಂತ್ರಿಕ ಮಾತು. ಛಾಯಾಗ್ರಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಪಿ, ಅಮೆರಿಕದ ಛಾಯಾಗ್ರಹಣ ಸಂಘ ಪಿಎಸ್‌ಎ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಫಿಕ್ ಸೊಸೈಟಿ ಸೇರಿ 2014ರಲ್ಲಿ ಒಪ್ಪಿದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯ ಪ್ರಕಾರ, ವನ್ಯಜೀವಿ ವಿಭಾಗದ ಜೀವಿ ಸ್ವತಂತ್ರವಾಗಿ, ಬಂಧನವಿಲ್ಲದೆ, ಸಹಜವಾದ ಅಥವಾ ತಾನೇ ಒಗ್ಗಿಸಿಕೊಂಡ ನೆಲೆಯಲ್ಲಿ ಇರಬೇಕು. ತೊಟ್ಟಿಗೆ ಹಾರಿ ಬಂದು ಹಾರಿ ಹೋಗುವ ಹಕ್ಕಿ ಸ್ವತಂತ್ರವೇ. ಹಾಗಾಗಿ ಹೈಡಿನ ಚಿತ್ರವೆಂಬ ಒಂದೇ ಕಾರಣಕ್ಕೆ ತೀರ್ಪುಗಾರರು ಅದನ್ನು ತಳ್ಳಿಹಾಕುವಂತಿಲ್ಲ. ಪಳಗಿಸಿದ ಪ್ರಾಣಿಯ ಸಂಗತಿ ಬೇರೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಪಡೆದಿದ್ದ, ಗೇಟು ಹಾರುವ ತೋಳದ ಚಿತ್ರವನ್ನು, ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ತೀರ್ಪುಗಾರರು ನಿರ್ಧರಿಸಿ 2010ರ ಜನವರಿಯಲ್ಲಿ ಅನರ್ಹಗೊಳಿಸಿದರು. ಚಿತ್ರ ತೆಗೆದವರು ಆ ಆರೋಪವನ್ನು ಒಪ್ಪಲಿಲ್ಲ.

ನಿಯಮದಲ್ಲಿ ನನಗೆ ವಿಚಿತ್ರವಾಗಿ ಕಾಣುವುದು ಇನ್ನೊಂದು. ಹೈಡಿನ ಮಾಲೀಕರು ಬೆಳಿಗ್ಗೆ ಕೊಂಬೆಯಿಂದ ಅಡ್ಡವಾಗಿದ್ದ ಒಣ ಎಲೆಯನ್ನು ಕಿತ್ತು ಬಿಸಾಡಿದರೆ ಚಿತ್ರ ಅರ್ಹವಾಗಿಯೇ ಉಳಿಯುತ್ತದೆ. ಅದೇ ಎಲೆಯನ್ನು ನಾನು ಸಂಜೆ ಕಂಪ್ಯೂಟರಿನಲ್ಲಿ ಅಳಿಸಿದರೆ ಚಿತ್ರ ಅನರ್ಹ. ಚೌಕಟ್ಟನ್ನು ಕತ್ತರಿಸಬಹುದು, ಒಳಗಿರುವುದನ್ನು ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ಕ್ಯಾಮೆರಾದ ಮುಂದೆ ಮಾಡುವ ಅಲಂಕಾರಕ್ಕೆ ಇರುವ ಸಲಿಗೆ, ಕ್ಯಾಮೆರಾದ ಹಿಂದೆ ಮಾಡುವ ತಿದ್ದುಪಡಿಗೆ ಇಲ್ಲ.

ಕೆರೆಯಂಚು:
ಮೂರುಗಾಲು ಅವರ ಒಣ ಎಲೆಯೇ ನನ್ನ ವಾದಕ್ಕೆ ಸಾಕು. ಆ ಎಲೆಯನ್ನು ಕಿತ್ತವರು, ಕೊಂಬೆಯನ್ನು ಆರಿಸಿದವರು, ಹಿನ್ನೆಲೆಯ ದೂರವನ್ನು ಗೊತ್ತುಮಾಡಿದವರು ಒಬ್ಬರು. ಚಿತ್ರದ ಕೆಳಗೆ ಬೀಳುವ ಹೆಸರು ಇನ್ನೊಬ್ಬರದು. ಚಾಂಪಿಯನ್ನರ ತಂತಿ ಚಾಂಪಿಯನ್ನರೇ ಕಟ್ಟಿದ್ದು, ಆದ್ದರಿಂದ ಹುಲಿ ತಾನೇ ತೆಗೆಸಿಕೊಂಡರೂ ಚಿತ್ರ ಅವರದು. ಹೈಡಿನ ಚಿತ್ರದಲ್ಲಿ ಸಂಯೋಜನೆಯ ಬಹುಪಾಲು ಮಲೆಘಟ್ಟದವರ ಸಂಬಂಧಿಕರದು. ಅವರ ಶ್ರಮಕ್ಕೆ ನನ್ನ ಆಕ್ಷೇಪವಿಲ್ಲ. ನಿಜ ಹೇಳಬೇಕೆಂದರೆ ಪದಕದಲ್ಲಿ ಅವರಿಗೂ ಪಾಲು ಸಲ್ಲಬೇಕು. ಸೂರಕ್ಕಿ ಮೇಡಂ ಹೇಳಿದ ಸುರಕ್ಷತೆಯ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ, ಆದರೆ ಅದು ಹೈಡಿಗೆ ಹೋಗಲು ಕಾರಣವಾಗುತ್ತದೆಯೇ ಹೊರತು ಚಿತ್ರದ ಒಡೆತನ ಯಾರದೆಂಬ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಸೂರಕ್ಕಿ:
ಹಾಗಾದರೆ ಒಡೆತನದ ವ್ಯಾಜ್ಯಕ್ಕೆ ಸುಲಭದ ಪರಿಹಾರವಿದೆ. ಚಿತ್ರದ ವಿವರದಲ್ಲಿ ಲೆನ್ಸು, ಐಎಸ್‌ಒ, ಶಟರ್ ವೇಗ ಎಲ್ಲವನ್ನೂ ಶ್ರದ್ಧೆಯಿಂದ ಬರೆಯುವ ನಾವು ‘ಹೈಡಿನಲ್ಲಿ, ನೀರಿನ ತೊಟ್ಟಿಯ ಬಳಿ ತೆಗೆದದ್ದು’ ಎಂಬ ಒಂದು ಸಾಲನ್ನೂ ಬರೆಯೋಣ. ಆಹಾರ ಇಟ್ಟಿದ್ದರೆ ಅದನ್ನೂ ಬರೆಯೋಣ. ನೋಡುವವರು ತಮಗೆ ಬೇಕಾದಷ್ಟು ಬೆಲೆ ಕಟ್ಟಿಕೊಳ್ಳಲಿ.

ಹಳೇರೋಲು:
ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ಹೇಗೆ ತೆಗೆದದ್ದು ಎಂದು ಬರೆಯಿರಿ, ಎಲ್ಲಿ ಎಂಬುದನ್ನು ಎಲ್ಲ ಸಲವೂ ಬರೆಯಬೇಡಿ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಗದಗ ಜಿಲ್ಲೆಯ ಮಾಗಡಿ ಕೆರೆ ಇಂಥವು ಜಗತ್ತಿಗೇ ಗೊತ್ತಿರುವ ಜಾಗಗಳು, ಹೆಸರು ಹೇಳಿದರೆ ಹಾನಿಯಿಲ್ಲ. ಗೂಬೆ ಹಗಲು ಮಲಗುವ ಮರ, ಮಂಗಟ್ಟೆಯ ಪೊಟರೆ ಇವುಗಳ ಗುರುತು ಕೊಟ್ಟರೆ ಮುಂದಿನ ವಾರ ಅಲ್ಲಿ ಕಾರುಗಳ ಸಾಲು ನಿಂತಿರುತ್ತದೆ. ಮಂಗಟ್ಟೆಯ ಹೆಣ್ಣು ಪೊಟರೆಯ ಬಾಯನ್ನು ಒಳಗಿನಿಂದ ಮುಚ್ಚಿಕೊಂಡು ಕಾವು ಕೂರುವ ಹಕ್ಕಿ. ಹೊರಗಿನಿಂದ ಹಣ್ಣು ತರುವ ಗಂಡು ಜನರನ್ನು ಕಂಡು ಹಿಂಜರಿದರೆ ಒಳಗಿರುವವರಿಗೆ ಊಟವಿಲ್ಲ.

ಬಯಲುಸೀಮೆ:
ವಿವರ ಬರೆಯುವುದು ಒಳ್ಳೆಯದೇ, ಆದರೆ ಅದು ಚಿತ್ರ ತೆಗೆದ ಮೇಲಿನ ಮಾತು. ಹೈಡು ಕಾದಿರಿಸುವ ಮೊದಲು ಏನನ್ನು ಕೇಳಿ ತಿಳಿಯಬೇಕು ಎಂಬುದನ್ನು ಮಲೆಘಟ್ಟ ಅವರೇ ಹೇಳಿದರೆ ಹೊಸಬರಿಗೆ ಉಪಯೋಗವಾದೀತು.

ಮಲೆಘಟ್ಟ:
ಹುಳು ಹಾಕುತ್ತೀರಾ, ಕೂಗು ಹಾಕುತ್ತೀರಾ ಎಂದು ಮೊದಲು ಕೇಳಿ. ಹಾಕುವುದಿಲ್ಲ ಎಂದರೆ, ‘ಹಕ್ಕಿ ಬಾರದಿದ್ದರೂ ಹಣ ವಾಪಸು ಕೇಳುವುದಿಲ್ಲ’ ಎಂದು ನೀವಾಗಿ ಹೇಳಿ. ಆ ಮಾತು ಕೇಳಿದ ಮಾಲೀಕನಿಗೆ ಎಷ್ಟು ನೆಮ್ಮದಿ ಎಂಬುದು ನನಗೆ ಗೊತ್ತು. ತೊಟ್ಟಿಯ ನೀರನ್ನು ಎಷ್ಟು ದಿನಕ್ಕೊಮ್ಮೆ ತೊಳೆದು ತುಂಬಿಸುತ್ತಾರೆ ಎಂದು ವಿಚಾರಿಸಿ. ಹತ್ತಾರು ಜಾತಿಯ ಹಕ್ಕಿಗಳು ಒಂದೇ ನೀರಿಗೆ ಇಳಿಯುವಾಗ ಒಂದರ ರೋಗ ಇನ್ನೊಂದಕ್ಕೆ ಅಂಟಬಹುದು. ತೊಟ್ಟಿಯ ಪಕ್ಕದಲ್ಲಿ ಹಕ್ಕಿ ಅಡಗಲು ಪೊದೆ ಇದೆಯೇ ನೋಡಿ. ಹಿನ್ನೆಲೆ ಚೆನ್ನಾಗಿ ಬರಲೆಂದು ಎಲ್ಲವನ್ನೂ ಸವರಿದ ಕಡೆ ಬಿಜ್ಜು ಗಿಡುಗ ಎರಗಿದರೆ ಸಣ್ಣ ಹಕ್ಕಿಗೆ ಓಡಲು ಜಾಗವಿರುವುದಿಲ್ಲ.

ಇನ್ನೊಂದು ವಿಷಯ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಕಾಡಿನ ತುಂಬ ನೀರೇ. ತೊಟ್ಟಿಯನ್ನು ಯಾವ ಹಕ್ಕಿಯೂ ಕೇಳುವುದಿಲ್ಲ, ನಮ್ಮ ಹೈಡಿಗೆ ಬೀಗ ಬೀಳುತ್ತದೆ. ಗಳಿಸಿದ ಚಿತ್ರವೇ ಬೇಕೆನ್ನುವ ಕೆರೆಯಂಚು ಅವರು ಆಗ ಬರಲಿ. ನಡೆದೇ ಹುಡುಕಬೇಕು, ಜಿಗಣೆ ಹತ್ತುತ್ತವೆ, ಚಿತ್ರ ಸಿಗುತ್ತದೆಂಬ ಭರವಸೆ ನಾನಂತೂ ಕೊಡುವುದಿಲ್ಲ.

ಕೆರೆಯಂಚು:
ಜಿಗಣೆಗೆ ಸುಣ್ಣ ತರುತ್ತೇನೆ. ನಿಮ್ಮ ದಿನದ ಶುಲ್ಕ ಎಷ್ಟೆಂದು ತಿಳಿಸಿ. ಸೂರಕ್ಕಿ ಮೇಡಂ ಇದನ್ನೂ ಖರೀದಿ ಎಂದರೆ ಅದಕ್ಕೆ ಅಲ್ಲಿಂದಲೇ ಉತ್ತರ ಬರೆಯುತ್ತೇನೆ.