ಅವ್ವ ನಾಲ್ಕು ತಿಂಗಳದಾಗ ಮೂರು ಸಲ ಬಿದ್ದಾಳ, ಏನು ಮಾಡೋದ್ರಿ?

ಕೇಳಿದವರು: ಬ್ರಹ್ಮಪುರ, ಕಲಬುರಗಿ

ನಮ್ಮವ್ವಗ 74 ವರ್ಷ. ನಾಲ್ಕು ತಿಂಗಳದಾಗ ಮೂರು ಸಲ ಬಿದ್ದಾಳ. ಮೊದಲನೇ ಸಲ ಶರಣಬಸವೇಶ್ವರ ಗುಡಿಯಿಂದ ಬಂದು ನಮ್ಮ ಮನಿ ಪಾವಟಿಗಿ ಹತ್ತೂ ಮುಂದ. ಎರಡನೇ ಸಲ ರಾತ್ರಿ ಎರಡರ ಸುಮಾರಿಗೆ ಸಂಡಾಸಿಗೆ ಎದ್ದಾಗ. ಎಡಗೈ ಮಣಿಕಟ್ಟು ಮುರೀತು, ಒಂದೂವರೆ ತಿಂಗಳು ಪ್ಲಾಸ್ಟರ್. ಮೂರನೇದು ಹೋದ ವಾರ, ಮಧ್ಯಾಹ್ನ ಅಂಗಳದಾಗ ಒಣಗಿದ ಬಟ್ಟಿ ತೆಗಿಯೂ ಮುಂದ. ಬಿಪಿ ಗುಳಿಗಿ, ಸಕ್ಕರಿ ಗುಳಿಗಿ, ರಾತ್ರಿ ಒಂದು ನಿದ್ದಿ ಗುಳಿಗಿ ಅವ.

ತೋರಿಸಿದ ಕಡೆ "ವಯಸ್ಸಾದ ಮ್ಯಾಲ ಹಿಂಗೇ" ಅಂದು ಕ್ಯಾಲ್ಸಿಯಂ ಬರದುಕೊಟ್ಟರು. ನಮ್ಮಣ್ಣ ಅಂತಾನ, ಮಂಚ ಬಿಟ್ಟು ಇಳಿಸಲೇಬ್ಯಾಡ, ಎಲ್ಲಾ ಕೂತಲ್ಲೇ ಕೊಡು ಅಂತ. ನನಗದು ಸರಿ ಕಾಣವಲ್ದು. ಮನಿ ಹಳೇದು, ಬಚ್ಚಲದ ತನಕ ಶಹಾಬಾದ್ ಕಲ್ಲಿನ ಪರಸಿ. ಇಂಥದ್ದು ಕಂಡವರು ಏನು ಮಾಡಿದ್ರಿ ಹೇಳ್ರಿ. ಮಾಡಿ ಉಪಯೋಗ ಆಗದ್ದನ್ನೂ ಹೇಳ್ರಿ.

ಶಹಾಬಜಾರ್, ಕಲಬುರಗಿ

ಅಕ್ಕೋರೆ, ನಮ್ಮಪ್ಪಾಜಿ ಒಂದು ವರ್ಷದಾಗ ಐದು ಸಲ ಬಿದ್ರು. ಬಂದವರೆಲ್ಲಾ ಎಲ್ಲಿ ಪೆಟ್ಟಾತು ಅಂತ ಕೇಳಿದ್ರು. ಬೀಳೂಕಿಂತ ಐದು ನಿಮಿಷ ಮುಂಚೆ ಏನು ಮಾಡ್ಲತ್ತಿದ್ರು ಅಂತ ಕೇಳಿದವರು ಒಬ್ಬರೇ, ಅವರೂ ನಾಲ್ಕನೇ ಸಲಕ್ಕ. ಆವತ್ತಿಂದ ಅಂಗಡಿ ಖಾತೆ ಬರದಂಗ ಒಂದು ನೋಟ್‌ಬುಕ್ಕಿನಾಗ ಬರಕೋತ ಹೋದೆ. ಯಾವ ದಿನ, ಎಷ್ಟು ಗಂಟೆ, ಎಲ್ಲಿ, ಕೈಯಾಗ ಏನಿತ್ತು, ಕಾಲಾಗ ಏನಿತ್ತು, ಕಡೀಕೆ ಊಟ ಯಾವಾಗ, ಗುಳಿಗಿ ಯಾವಾಗ. ಹಳೇ ಬೀಳೂಗಳನ್ನೂ ನೆನಪು ಮಾಡಿ ಬರದ್ವಿ. ಐದರಾಗ ನಾಲ್ಕು, ಮಲಗಿದವರು ಎದ್ದು ಎರಡು ಮೂರು ನಿಮಿಷದ ಒಳಗೇ ಆಗಿದ್ದವು!

ಆಮ್ಯಾಲ ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕ ಮತ್ತು ಮೂರು ನಿಮಿಷಕ್ಕ ಬಿಪಿ ನೋಡಿದ್ರು. ಮಲಗಿದಾಗ 150, ನಿಂತಾಗ 122. ಮ್ಯಾಲಿನ ಅಂಕಿ 20, ಇಲ್ಲಾ ಕೆಳಗಿಂದು 10 ಇಳದ್ರ ಅದೊಂದು ದೋಷ ಅಂತ. ಅದನ್ನ ಕೂತಾಗಷ್ಟೇ ನೋಡಿದ್ರ ಸಿಗಂಗಿಲ್ಲ. ಬಿಪಿ ಗುಳಿಗಿ ಜತಿಗೆ ಪ್ರಾಸ್ಟೇಟಿಂದು ಒಂದು ಗುಳಿಗಿ ಇತ್ತು, ಎರಡೂ ಕೂಡಿ ಇಳಸ್ತಿದ್ದವು. ಹೊತ್ತು ಬದಲಿ ಮಾಡಿದ್ರು, ಒಂದರ ಪ್ರಮಾಣ ಕಮ್ಮಿ ಮಾಡಿದ್ರು. ಈಗ ಅಪ್ಪಾಜಿ ಎದ್ದು ಮಂಚದ ಅಂಚಿಗೆ ಕೂತು, ಪಾದ ಮ್ಯಾಲ ಕೆಳಗ ಆಡಿಸಿ, "ಓಂ ನಮಃ ಶಿವಾಯ" ಇಪ್ಪತ್ತೊಂದು ಸಲ ಅಂದು ನಿಲ್ಲತಾರ. ಎಣಿಸು ಅಂದ್ರ ಮರೀತಿದ್ರು, ಜಪ ಅಂದ್ರ ಮರಿಯಂಗಿಲ್ಲ. ಒಂದು ಮಾತು, ಗುಳಿಗಿ ನೀವೇ ನಿಲ್ಲಿಸಬ್ಯಾಡ್ರಿ.

ಬೀದರ್

ಪರಸಿ ಬಗ್ಗೆ ಹೇಳ್ತೀನಿ. ಒಣಗಿದಾಗ ಏನೂ ಇಲ್ಲ. ಎಣ್ಣಿ, ಸಾಬೂನು, ನೀರು ಮೂರೂ ಕೂಡಿದ್ರ ಗಾಜು. ನಾವು ರಬ್ಬರ್ ಮ್ಯಾಟ್ ಹಾಕಿ ನೋಡಿದ್ವಿ, ಅದರ ಅಂಚಿಗೇ ಎಡವಿ ನಮ್ಮತ್ತಿ ಮುಗ್ಗರಿಸಿದ್ರು. ಆಮೇಲೆ ಕಲ್ಲು ಕೆಲಸದವರನ್ನ ಕರಸಿ ಬಚ್ಚಲದ ಪರಸಿಗೆ ಉಳಿಯಿಂದ ಸಣ್ಣಗೆ ಕೆತ್ತಿಸಿ ಖರಖರ ಮಾಡಿಸಿದ್ವಿ. ಅರ್ಧ ದಿನದ ಕೆಲಸ. ಕೂತು ಸ್ನಾನ ಮಾಡಲಿಕ್ಕೆ ಪ್ಲಾಸ್ಟಿಕ್ ಸ್ಟೂಲ್ ಬೇಡ, ಜಾರುತ್ತೆ. ಕಾಲಿಗೆ ರಬ್ಬರ್ ಇರೋ ಕುರ್ಚಿ ಇಡಿ.

ಹಿಡಿಕೆ ಹಾಕಿಸುವಾಗ ಟವೆಲ್ ಹಾಕೋ ತೆಳ್ಳನ ಪೈಪ್ ಹಾಕಿಸಬೇಡಿ, ಭಾರ ಬಿದ್ದಾಗ ಕಿತ್ತು ಬರುತ್ತೆ. ನೀವೇ ಜೋತು ಬಿದ್ದು ನೋಡಿ ತಡೆದ್ರೆ ಮಾತ್ರ ಸರಿ. ಹೊಸ್ತಿಲು, ಪಾವಟಿಗೆ ಅಂಚಿಗೆ ಹಳದಿ ಬಣ್ಣದ ಪಟ್ಟಿ. ಇನ್ನೊಂದು, ಬಚ್ಚಲದ ಬಾಗಿಲು ಹೊರಗೆ ತೆರಿಯೋ ಹಂಗೆ ಇರಲಿ. ಒಳಗೆ ತೆರಿಯೋ ಬಾಗಿಲಿಗೆ ಅಡ್ಡ ಬಿದ್ದವರನ್ನ ಹೊರಗಿಂದ ಎಬ್ಬಿಸಲಿಕ್ಕೆ ಆಗಲ್ಲ. ನಮ್ಮಲ್ಲಿ ಬಾಗಿಲು ಒಡೆದೇ ತೆಗೆದಿದ್ದು.

ಫಿಸಿಯೋಥೆರಪಿಸ್ಟ್, ಕಲಬುರಗಿ

ನಿಮ್ಮಣ್ಣನವರ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಮಂಚಕ್ಕೆ ಕಟ್ಟಿಹಾಕಿದರೆ ಮೂರು ವಾರದಲ್ಲಿ ತೊಡೆಯ ಕಸುವು ಇಳಿದುಹೋಗುತ್ತದೆ. ಆಮೇಲೆ ಸಂಡಾಸಿಗೆ ಅಂತ ಎದ್ದಾಗ ಬೀಳುವುದು ಇನ್ನೂ ಸುಲಭ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನರ ಕಾಲು ಸೋತಿದ್ದು ಮೊದಲ ಸಲ ಬಿದ್ದ ನಂತರ ಮನೆಯವರು "ಕೂತಿರು" ಅಂದಿದ್ದಕ್ಕೆ. 65 ದಾಟಿದವರಲ್ಲಿ ಸುಮಾರು ಮೂವರಿಗೆ ಒಬ್ಬರು ವರ್ಷದಲ್ಲಿ ಒಮ್ಮೆಯಾದರೂ ಬೀಳುತ್ತಾರೆ, ಒಮ್ಮೆ ಬಿದ್ದವರಿಗೆ ಮತ್ತೆ ಬೀಳುವ ಸಂಭವ ಹೆಚ್ಚು. ಹಾಗಂತ ಇದು ವಯಸ್ಸಿನ ಹಣೆಬರಹ ಅಲ್ಲ.

ಮನೆಯಲ್ಲೇ ನೋಡಿ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು? 12 ಅಥವಾ ಹೆಚ್ಚು ಬಂದರೆ ಕಾಲಿಗೆ ಕೆಲಸ ಕೊಡಬೇಕು ಅಂತ ಅರ್ಥ. ಪಕ್ಕದಲ್ಲಿ ಒಬ್ಬರು ನಿಂತೇ ಇರಬೇಕು.

ವ್ಯಾಯಾಮ ಅಂದರೆ ಬರೀ ವಾಕಿಂಗ್ ಅಲ್ಲ. ಅಡಿಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು (ಮೊದಲು ಐದು, ಆಮೇಲೆ ಹತ್ತು), ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಸೆಕೆಂಡ್ ನಿಲ್ಲುವುದು, ಕಟ್ಟೆಯುದ್ದಕ್ಕೂ ಅಡ್ಡಡ್ಡ ಹೆಜ್ಜೆ ಹಾಕುವುದು. ರೊಟ್ಟಿ ಬೇಯುವ ಹೊತ್ತಿಗೆ ಮುಗಿಯುತ್ತವೆ. ವಾರಕ್ಕೆ ಮೂರು ದಿನವಾದರೂ, ಅದೂ ತಿಂಗಳುಗಟ್ಟಲೆ. ಕಾಕ್ರೇನ್ ಅಂದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ; 2019ರಲ್ಲಿ 108 ಅಧ್ಯಯನಗಳನ್ನು ಕೂಡಿಸಿ ನೋಡಿದ ಅದರ ಪರಿಶೀಲನೆಯಲ್ಲಿ ವ್ಯಾಯಾಮದಿಂದ ಬೀಳುವುದು ಸುಮಾರು 23% ಕಡಿಮೆಯಾಗಿತ್ತು. ಸಮತೋಲನದ ವ್ಯಾಯಾಮಕ್ಕೇ ಅದರಲ್ಲಿ ದೊಡ್ಡ ಪಾಲು. ಎಂಟು ದಿನ ಮಾಡಿ "ಏನೂ ಫರಕಿಲ್ಲ" ಅಂತ ಬಿಡುವವರಿಗೆ ನಾನು ಹೇಳುವುದು ಇಷ್ಟೇ, ತೊಗರಿ ಬಿತ್ತಿ ಎಂಟು ದಿನಕ್ಕೆ ರಾಶಿ ಮಾಡುತ್ತೀರಾ?

ಬಡಿಗೆ ಕೊಡುವುದಾದರೆ ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಸೋತ ಕಾಲಿನ ಎದುರುಗಡೆ ಕೈಯಲ್ಲಿ ಹಿಡಿಯಬೇಕು. ತುದಿಯ ರಬ್ಬರ್ ಸವೆದಿದ್ದರೆ ಪರಸಿ ಮೇಲೆ ಅದೇ ಜಾರಿಸುತ್ತದೆ. ಅಜ್ಜನ ಕಾಲದ ಬಿದಿರಿನ ಬಡಿಗೆ ಹಿಡಿದು ಬರುವವರನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ.

ಸೇಡಂನವರು, ಈಗ ಬೆಂಗಳೂರು

ರಾತ್ರಿ ಎರಡರ ಬೀಳುವಿಕೆ ನಮ್ಮ ಮನೆಯದೇ ಕತೆ. ಎದ್ದು ಹೋಗೋದು ಬೇಡ ಅಂತ ಅಮ್ಮ ಮಧ್ಯಾಹ್ನದಿಂದಲೇ ನೀರು ಬಿಟ್ಟಿದ್ದರು. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟಿರುತ್ತೆ. ನೀರಿಲ್ಲದೆ ಬಿಪಿ ಇಳಿದು ಇನ್ನೊಂದು ಸಲ ಬಿದ್ದರು. ಈಗ ಸಂಜೆಯೊಳಗೆ ನೀರು, ಮಜ್ಜಿಗೆ ಚೆನ್ನಾಗಿ ಕುಡಿಸಿ, ಮಲಗುವ ಮುಂಚೆ ಮಾತ್ರ ಕಮ್ಮಿ ಮಾಡ್ತೀವಿ. ಮೂತ್ರ ಹೆಚ್ಚಿಸುವ ಗುಳಿಗೆಯನ್ನ ಡಾಕ್ಟರನ್ನ ಕೇಳಿ ಬೆಳಿಗ್ಗೆಗೆ ಬದಲಾಯಿಸಿದ್ವಿ. ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟಾಗ ಅಮ್ಮ ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಮೂರನೇ ದಿನ ಅವರೇ ಅದಕ್ಕೊಂದು ಹಳೇ ಸೀರೆ ಪರದೆ ಕಟ್ಟಿದರು. ದಾರಿಗೆ ಸಣ್ಣ ಸೆನ್ಸರ್ ಲೈಟು, ಕರೆಂಟ್ ಹೋದಾಗ ಬೇಕು ಅಂತ ದಿಂಬಿನ ಹತ್ತಿರ ಬ್ಯಾಟರಿ.

ಮತ್ತೆ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗೋ ರೂಢಿ ಇದ್ದರೆ ಈ ವರ್ಷ ಬಿಡಿಸಿ. ಕಟಕಟೆ ಇಲ್ಲದ ಆ ಮೆಟ್ಟಿಲು, ನಡುರಾತ್ರಿ, ನಿದ್ದೆಗಣ್ಣು. ಬೇಡವೇ ಬೇಡ.

ಯಾದಗಿರಿ

ಕಣ್ಣು ತೋರಿಸ್ರಿ. ನಮ್ಮ ಆಯಿಗೆ ಪೊರಿ ತೆಗಸಿದ ಮ್ಯಾಲ ಬೀಳೂದು ನಿಂತುಬಿಡ್ತು. ಓದೂ ಕನ್ನಡಕ ಮತ್ತ ದೂರದ ಕನ್ನಡಕ ಒಂದೇ ಗಾಜಿನಾಗ ಇದ್ರ ಪಾವಟಿಗಿ ಇಳಿಯೂ ಮುಂದ ಕಾಲು ಇಡೂ ಜಾಗ ಮಸಕ ಕಾಣ್ತದ. ಹವಾಯಿ ಚಪ್ಪಲಿ ತೆಗದು ಹಿಮ್ಮಡಿಗೆ ಪಟ್ಟಿ ಇರೂದು ಕೊಡಸ್ರಿ. ನೈಟಿ ನೆಲ ಮುಟ್ಟಬಾರ್ದು. ವಿಟಮಿನ್ ಡಿ ಪುಡಿನೂ ಕೊಡ್ರಿ, ಎಲ್ಲರೂ ಕೊಡ್ತಾರ.

ಫಿಸಿಯೋಥೆರಪಿಸ್ಟ್, ಕಲಬುರಗಿ

ಆ ಪುಡಿ ವಿಷಯದಲ್ಲಿ ತುಸು ತಡೆಯಿರಿ. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡರೆ ಡಾಕ್ಟರು ಹೇಳಿದಷ್ಟು ಕೊಡಿ. ಜಾಸ್ತಿ ಕೊಟ್ಟರೆ ಜಾಸ್ತಿ ಬಲ ಅನ್ನೋದು ಇಲ್ಲಿಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಔಷಧಿ ತಗೊಂಡವರೇ ಹೆಚ್ಚು ಬಿದ್ದಿದ್ದರು.

ಆಳಂದ

ಎಲ್ಲರೂ ಬೀಳದಂಗ ಹೇಳ್ಯಾರ, ನಾ ಬಿದ್ದ ಮ್ಯಾಲಿಂದು ಹೇಳ್ತೀನಿ. ನಮ್ಮ ಅತ್ತಿ ರಕ್ತ ತೆಳು ಮಾಡೂ ಗುಳಿಗಿ ತಗೋತಿದ್ರು. ಬಿದ್ದು ತಲಿಗೆ ಸಣ್ಣ ಬೋರಿ ಬಂತು, ಅಷ್ಟೇ. ತೋರಿಸಿದ್ವಿ, ಏನಿಲ್ಲ ಅಂತ ಕಳಿಸಿದ್ರು. ಮೂರು ವಾರದ ಮ್ಯಾಲ ಮಾತು ತೊದಲಿತು, ಹಗಲೆಲ್ಲಾ ನಿದ್ದಿ. ಅರುಳು ಮರುಳು ಅಂದ್ಕೊಂಡು ನಾಲ್ಕು ದಿನ ಕಳದ್ವಿ. ಅದು ನಮ್ಮ ತಪ್ಪು. ಸ್ಕ್ಯಾನ್ ಮಾಡಿದ್ರ ಮಿದುಳಿನ ಮ್ಯಾಲ ರಕ್ತ ನಿಧಾನಕ್ಕ ಸೋರಿ ನಿಂತಿತ್ತು. ಆಪರೇಶನ್ ಆಗಿ ಉಳದ್ರು. ಅದಕ್ಕ ತಲಿಗೆ ಪೆಟ್ಟಾದ್ರ ಒಂದೆರಡು ತಿಂಗಳು ಕಣ್ಣಿಟ್ಟಿರ್ರಿ.

ಬಿದ್ದವರನ್ನ ರಟ್ಟಿ ಹಿಡಿದು ಜಗ್ಗಬ್ಯಾಡ್ರಿ. ತೊಡಿ ಸಂದಿನಾಗ ನೋವು, ಕಾಲು ಹೊರಳಿದಂಗ ಕಂಡ್ರ ಎಬ್ಬಿಸಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ಪೆಟ್ಟಿಲ್ಲಂದ್ರ ಮಗ್ಗಲಾಗಿ, ಮೊಣಕಾಲೂರಿ, ಕುರ್ಚಿ ತನಕ ಅಂಬೆಗಾಲಿಟ್ಟು, ಒಂದು ಪಾದ ಊರಿ ಏಳೂದು. ಚಲೋ ಇದ್ದಾಗಲೇ ಕೌದಿ ಹಾಸಿ ನಾಲ್ಕು ಸಲ ಕಲಸ್ರಿ. ಒಬ್ಬರೇ ಇರೂ ಹೊತ್ತಿನಾಗ ಫೋನ್ ಕೊಳ್ಳಾಗ ಇರಲಿ.

ಬ್ರಹ್ಮಪುರ, ಕಲಬುರಗಿ (ಕೇಳಿದವರೇ, ಹದಿನೆಂಟು ದಿನದ ಮ್ಯಾಲ)

ಎಲ್ಲಾರಿಗೂ ಶರಣ್ರಿ. ಶಹಾಬಜಾರಿನ ಅಣ್ಣೋರು ಹೇಳಿದಂಗ ನೋಟ್‌ಬುಕ್ ಮಾಡಿದೆ. ಮಲಗಿಸಿ ನಿಲ್ಲಿಸಿ ಬಿಪಿ ನೋಡಸಿದ್ವಿ, 142, 134. ಅದಲ್ಲ. ಆದ್ರ ದಿನ ಬರಿಯೂ ಮುಂದ ಕ್ಯಾಲೆಂಡರ್ ನೋಡಿದ್ರ ಮೊದಲನೇದು ಸೋಮವಾರ, ಮೂರನೇದೂ ಸೋಮವಾರ! ಅವ್ವ ಸೋಮವಾರ ಒಪ್ಪತ್ತು ಮಾಡ್ತಾಳ. ಮುಂಜಾನಿ ಸಕ್ಕರಿ ಗುಳಿಗಿ ಮಾತ್ರ ತಪ್ಪದ ನುಂಗಿ, ಸಂಜೀ ತನಕ ಬರೀ ಚಾ. ಮುಂದಿನ ಸೋಮವಾರ ಬಾಜೂ ಮನಿಯವರ ಸಕ್ಕರಿ ನೋಡೂ ಮಷೀನ್ ತಂದು ಹನ್ನೆರಡಕ್ಕ ನೋಡಿದ್ರ 58 ಇತ್ತು, ಹಣಿ ತುಂಬಾ ಬೆವರು. 70ರ ಕೆಳಗ ಹೋಗಬಾರ್ದಂತ. ಸಕ್ಕರಿ ನೀರು ಕುಡಿಸಿದ ಮ್ಯಾಲ ಸುಧಾರಿಸಿದಳು.

ಬ್ಯಾರೆ ಡಾಕ್ಟರ ಹಂತೇಕ ಹೋದ್ವಿ. ಸಕ್ಕರಿ ಗುಳಿಗಿ ಬದಲಿ ಮಾಡ್ಯಾರ. ನಿದ್ದಿ ಗುಳಿಗಿ ಒಮ್ಮಿಗೇ ಬಿಡಸಿದ್ರ ತೊಂದ್ರಿ ಅಂತ ಸ್ವಲ್ಪ ಸ್ವಲ್ಪ ಇಳಸ್ಲತ್ತಾರ. ರಾತ್ರಿ ಬಿದ್ದಿದ್ದಕ್ಕ ಅದರ ಮ್ಯಾಲೇ ಅವರ ಸಂಶಯ. ಒಪ್ಪತ್ತು ಬಿಡು ಅಂದ್ರ ಅವ್ವ ಕೇಳಂಗಿಲ್ಲ. ಕಡೀಕ ಹಾಲು, ಬಾಳೆಹಣ್ಣು, ಶೇಂಗಾ ನಡೀತದಂತ ಅಕಿನೇ ಒಪ್ಕೊಂಡಾಳ. ಮೂರು ಮೀಟರಿಗೆ 17 ಸೆಕೆಂಡ್ ಬಂತು. ಕಟ್ಟಿ ಹಿಡಿದು ಹಿಮ್ಮಡಿ ಎತ್ತೂದು ಸುರು ಮಾಡ್ಯಾಳ, ನಮ್ಮಣ್ಣನೇ ನಿಂತು ಎಣಿಸ್ತಾನ.

ಬಚ್ಚಲಕ್ಕ ಹಿಡಿಕಿ ಹಾಕಸಿದ್ವಿ, ಗಟ್ಟಿ ಸ್ಟೀಲಿಂದು, ಅಣ್ಣ ಜೋತು ಬಿದ್ದು ನೋಡಿದ. ಈಗ ಅದರ ಮ್ಯಾಲ ಅವ್ವ ದಿನಾ ಹಸಿ ಸೀರಿ ಒಣಗ ಹಾಕ್ತಾಳ. ಇದಕ್ಕೇನರೆ ಉಪಾಯ ಇದ್ರ ಹೇಳ್ರಿ.