ಇಸಿ ಓದಿ ನ್ಯೂರೋಸೈನ್ಸ್ ಪಿಎಚ್‌ಡಿಗೆ ಹೋದ್ರೆ ಏಗಕ್ಕಾಗುತ್ತಾ?

ದಾವಣಗೆರೆ_ಇಸಿ:
ಎಲ್ರಿಗೂ ನಮಸ್ಕಾರ. ಬಿಇ ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಮುಗಿಸಿ ಎರಡು ವರ್ಷದಿಂದ ಚಿಪ್ ಟೆಸ್ಟಿಂಗ್ ಕೆಲ್ಸದಲ್ಲಿದೀನಿ. ಐಐಎಸ್ಸಿ ನ್ಯೂರೋಸೈನ್ಸ್ ಸೆಂಟರ್‌ಗೆ ಅಪ್ಲೈ ಮಾಡ್ಬೇಕು ಅಂತ ತುಂಬಾ ಆಸೆ, ಆದ್ರೆ ಎಸ್ಸೆಸೆಲ್ಸಿ ಆದ್ಮೇಲೆ ಬಯಾಲಜಿ ಪುಸ್ತಕ ಮುಟ್ಟಿಲ್ಲ. ಎಂಬಿಬಿಎಸ್, ಎಂಎಸ್ಸಿ ಮಾಡಿದವ್ರ ಪಕ್ಕ ಕೂತ್ರೆ ಏಗ್ತೀನಾ? ಸಂಬಳ ಬಿಟ್ಟು ಐದಾರು ವರ್ಷ ಯಾಕೋ ಅಂತ ಅಪ್ಪ ದಿನಾ ಕೇಳ್ತಾರೆ.

ಸ್ಲೈಸ್_ಅಕ್ಕ:
ಧೈರ್ಯವಾಗಿ ಬಾಪ್ಪ. ನಾನು ಜೂವಾಲಜಿ, ಪಿಎಚ್‌ಡಿ ನಾಲ್ಕನೇ ವರ್ಷ, ಪ್ಯಾಚ್ ಕ್ಲಾಂಪ್ ಮಾಡ್ತೀನಿ, ಒಂದೊಂದೇ ನರಕೋಶದ ಕರೆಂಟ್ ಅಳೆಯೋ ಕೆಲ್ಸ. ಅಂದ್ರೆ ಇಲಿ ಮೆದುಳನ್ನ 300 ಮೈಕ್ರಾನ್ ದಪ್ಪಕ್ಕೆ ಕೊಯ್ದು, ಆಕ್ಸಿಜನ್ ಗುಳ್ಳೆ ಬಿಡ್ತಿರೋ ಉಪ್ಪುನೀರಲ್ಲಿಟ್ಟು, ತುದಿ ಒಂದೆರಡು ಮೈಕ್ರಾನ್ ಇರೋ ಗಾಜಿನ ಪಿಪೆಟ್ ಒಂದೇ ಒಂದು ನ್ಯೂರಾನ್ (ನರಕೋಶ) ಮೇಲೆ ಇಳಿಸಿ ಟ್ಯೂಬಲ್ಲಿ ಬಾಯಿಂದ ಮೆಲ್ಲಗೆ ಹೀರ್ಬೇಕು, ಪೊರೆ ಗಾಜಿಗೆ ಕಚ್ಕೊಂಡ್ರೆ ರೆಸಿಸ್ಟೆನ್ಸ್ ಗಿಗಾಓಮ್ (ನೂರು ಕೋಟಿ ಓಮ್) ದಾಟುತ್ತೆ. ಮೊದಲ ವರ್ಷ ಮೂರು ವಾರ ಬರೀ ಕರೆಂಟ್ ಲೈನಿಂದ ಬರೋ 50 ಹರ್ಟ್ಜ್ ನಾಯ್ಸು, ಸಿಗ್ನಲ್ ಎಲ್ಲಾ ಅದ್ರಲ್ಲೇ ಮುಳುಗೋಗ್ತಿತ್ತು, ಕೊಯ್ದ ಇಲಿಗಳೆಲ್ಲ ವ್ಯರ್ಥ ಆದ್ವು, ಆ ಸಂಕಟ ಇನ್ನೂ ಹೋಗಿಲ್ಲ. ಪಕ್ಕದ ಬೆಂಚಿನ ಇಸಿ ಹುಡುಗ ಬಂದು ನೋಡ್ದ, ಪಂಪಿನ ಅರ್ಥಿಂಗ್ ಒಂದ್ಕಡೆ ಆಂಪ್ಲಿಫೈಯರ್ದು ಇನ್ನೊಂದ್ಕಡೆ ಇತ್ತು, ಎಲ್ಲಾನೂ ಒಂದೇ ಪಾಯಿಂಟಿಗೆ ಕಟ್ಟಿದ, ಸ್ಕ್ರೀನ್ ಮೇಲಿನ ಲೈನ್ ನೆಟ್ಟಗಾಯ್ತು! ಅವ್ನಿಗೆ ಬಯಾಲಜಿ ನಾನೇ ಹೇಳ್ಕೊಟ್ಟೆ, ದಿನಾ ಊಟದ ಹೊತ್ತಲ್ಲಿ. ನರಕೋಶದ ಪೊರೆನ ಎಲೆಕ್ಟ್ರಿಕ್ ಸರ್ಕ್ಯೂಟ್ ಥರ ತೋರ್ಸೋ 1952ರ ಹಾಜ್‌ಕಿನ್-ಹಕ್ಸ್ಲಿ ಮಾಡೆಲ್ಲಿಂದ ಶುರು ಮಾಡು, ಕೆಪಾಸಿಟರ್ರು ರೆಸಿಸ್ಟರ್ರು ನಿಂಗೆ ಗೊತ್ತಿರೋದೇ.

ಕೋಲಾರದ_ಸೀನ:
ಅಕ್ಕ ಹೇಳಿದ್ದು ಸರಿ, ಆದ್ರೆ ಕೋಡ್ ಬರುತ್ತೆ ಅಂತ ಬರೀ ಡೇಟಾ ಅನಾಲಿಸಿಸ್‌ಗೆ ಕೂತ್ಕೋಬೇಡಿ. ಆ ಡೇಟಾ ಎಲ್ಲಿಂದ ಬಂತು ಅಂತ ಕಣ್ಣಾರೆ ನೋಡ್ಲೇಬೇಕು. ಐಐಎಸ್ಸಿ ಕ್ಯಾಂಪಸ್ಸಲ್ಲೇ ಇರೋ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವ್ರು ನಮ್ಮ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾದವ್ರ ನೆನಪಿನ ಶಕ್ತಿನ ವರ್ಷಗಟ್ಟಲೆ ಫಾಲೋ ಮಾಡ್ತಿದಾರೆ. ಓದು ಬರಹ ಬಾರದ ಅಜ್ಜಿಗೆ ನೆನಪಿನ ಪರೀಕ್ಷೆ ಹೆಂಗೆ ಕೊಡ್ತೀರಾ? ಇದಕ್ಕೆ ಡಾಕ್ಟ್ರು, ಸೈಕಾಲಜಿಯವ್ರು, ಸ್ಟ್ಯಾಟಿಸ್ಟಿಕ್ಸ್‌ನವ್ರು ಒಟ್ಟಿಗೆ ಕೂರ್ಲೇಬೇಕು. ಬೆಂಗಳೂರಲ್ಲೇ ಇರೋ ಬಯಾಲಜಿ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ಗೂ ಹಾಕಿ, ಅಲ್ಲಿ ಮೊದಲು ಲ್ಯಾಬ್ ರೊಟೇಶನ್ ಇರುತ್ತೆ, ಅಂದ್ರೆ ಬೇರೆ ಬೇರೆ ಲ್ಯಾಬಲ್ಲಿ ಸ್ವಲ್ಪ ಸ್ವಲ್ಪ ದಿನ ಕೆಲ್ಸ, ಗೈಡ್ ಹೆಂಗೆ ಅಂತ ಗೊತ್ತಾಗುತ್ತೆ. ಅಪ್ಪಂಗೆ ಹೇಳಿ, 2023ರ ಜನವರಿಯಿಂದ ಜೆಆರ್‌ಎಫ್ (ಪಿಎಚ್‌ಡಿ ಶುರುವಿನ ಫೆಲೋಶಿಪ್) ತಿಂಗಳಿಗೆ 37,000, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ಫೆಲೋಶಿಪ್) ಆದ್ರೆ 42,000. ಈಗಿನ ಸಂಬಳಕ್ಕಿಂತ ಕಮ್ಮಿ ಇರ್ಬಹುದು, ಮನೆಗೆ ಭಾರ ಆಗಲ್ಲ.

ದಾವಣಗೆರೆ_ಇಸಿ:
ಅಕ್ಕಾ, ಅರ್ಥಿಂಗ್ ವಿಷ್ಯ ಅಪ್ಪಂಗೆ ಓದಿ ಹೇಳ್ದೆ, ಅವ್ರು ಎಲೆಕ್ಟ್ರಿಷಿಯನ್ನು. "ಮೊದ್ಲೇ ಚೆಕ್ ಮಾಡ್ಬಾರ್ದಿತ್ತಾ, ಪಾಪ ಇಲಿಗಳು" ಅಂದ್ರು. ಆಮೇಲೆ ಫಾರಂ ಯಾವಾಗ ಬರುತ್ತೆ ಅಂತ ಅವ್ರೇ ಕೇಳಿದ್ರು.