ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆ: ಬಿಲ್ಲೋ, ಕೋವಿಯೋ? ಯಾವುದು ನ್ಯಾಯ?

ಕೋಟೆಕೆರೆ_ಶಿರಸಿ:
ನನ್ನ ತಮ್ಮ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸಕ್ಕಿದ್ದಾನೆ. ನವೆಂಬರಿನ ಒಂಬತ್ತು ದಿನದ ಕೋವಿ ಬೇಟೆಗೆ ಜೊತೆಗಾರರು ಕರೆದಿದ್ದಾರೆ. ಅಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಪಾಸಾಗಬೇಕು, ಅದನ್ನು ಮುಗಿಸಿದ್ದಾನೆ. ನನ್ನದು ಕಾನೂನಿನ ಪ್ರಶ್ನೆ ಅಲ್ಲ. ಗಾಲಿ ಹಾಕಿದ ಕಾಂಪೌಂಡ್ ಬಿಲ್ಲು, ಟ್ರಿಗರ್ ಒತ್ತಿ ಬಾಣ ಬಿಡುವ ಕ್ರಾಸ್‌ಬೋ, ರೈಫಲ್, ನಮ್ಮ ಕೇಪಿನ ಕೋವಿಯಂತೆ ನಳಿಗೆಯ ಬಾಯಿಂದ ಮದ್ದು ತುಂಬುವ ಮಜಲ್‌ಲೋಡರ್, ಎಲ್ಲದಕ್ಕೂ ಅಲ್ಲಿ ಸೀಸನ್ ಇದೆ. ಮನೆಯಲ್ಲಿ ಎರಡು ಮಾತು ಬರುತ್ತಿದೆ. ಬಿಲ್ಲಾದರೆ ಪ್ರಾಣಿಗೂ ಒಂದು ಅವಕಾಶ ಇರುತ್ತದೆ ಎಂದು ಒಬ್ಬರು, ಒಂದೇ ಈಡಿಗೆ ಕೆಡವುವ ರೈಫಲ್ಲೇ ಮೇಲು ಎಂದು ಇನ್ನೊಬ್ಬರು. ಬೇಟೆಯೇ ತಪ್ಪು ಅನ್ನುವವರ ಮಾತಿಗೆ ಗೌರವವಿದೆ, ಆದರೆ ಇಲ್ಲಿ ಅದನ್ನು ಬದಿಗಿಟ್ಟು ಹೇಳಿ. ಹೋಗುವುದೇ ಆದರೆ ಯಾವ ಆಯುಧ, ಯಾವ ವಿಧಾನ ಸರಿ?

ಅಘನಾಶಿನಿ_ದಂಡೆ:
ಮೊದಲು ಆ ‘ಅವಕಾಶ’ ಅನ್ನುವ ಮಾತನ್ನು ಬಿಡಿಸಿಕೊಳ್ಳಬೇಕು. ಈಡು ಬಿಡುವ ಮೊದಲು ಜಿಂಕೆ ನಮ್ಮ ವಾಸನೆ ಹಿಡಿದೋ ಸದ್ದು ಕೇಳಿಯೋ ಪಾರಾದರೆ ಅದು ನಿಜವಾದ ಅವಕಾಶ. ಈಡು ತಗಲಿದ ಮೇಲೆ ಓಡುವುದು ಅವಕಾಶವಲ್ಲ, ನರಳಾಟ. ಬಿಲ್ಲಿನಲ್ಲಿ ಮೊದಲನೆಯದು ಹೆಚ್ಚು. ಕೈ ಪಳಗದವನ ಬಿಲ್ಲಿನಲ್ಲಿ ಎರಡನೆಯದೂ ಅಷ್ಟೇ ಹೆಚ್ಚು.

ಲೆಕ್ಕ ಹಾಕಿ ನೋಡಿ. ಒಳ್ಳೆಯ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 280 ಅಡಿ ಹೋಗುತ್ತದೆ, ಸದ್ದು 1,100 ಅಡಿಗೂ ಮೇಲೆ. 20 ಗಜದಲ್ಲಿ ನಿಂತ ಜಿಂಕೆಗೆ ಹೆದೆಯ ಸದ್ದು ಕೇಳಿ 0.16 ಸೆಕೆಂಡಿನ ನಂತರ ಬಾಣ ತಲುಪುತ್ತದೆ. 40 ಗಜಕ್ಕೆ ಆ ಅಂತರ 0.32 ಸೆಕೆಂಡ್. ಬೆಚ್ಚಿದ ಜಿಂಕೆ ನೆಗೆಯುವ ಮೊದಲು ಕಾಲು ಮಡಚಿ ಕೆಳಕ್ಕೆ ಕುಸಿಯುತ್ತದೆ, ಆಮೇಲೆ ಚಿಮ್ಮುತ್ತದೆ. ಬೆಚ್ಚಲು 0.1 ಸೆಕೆಂಡ್ ಹೋಯಿತು ಅಂದುಕೊಂಡರೂ ಉಳಿದ 0.2 ಸೆಕೆಂಡಿನಲ್ಲಿ ಮೈ 8 ಇಂಚಿನ ಹತ್ತಿರ ಇಳಿಯಬಹುದು. ಎದೆಗೂಡಿನಲ್ಲಿ ಪುಪ್ಪುಸ, ಹೃದಯ ಎರಡೂ ಸೇರಿ ಇರುವ ಜಾಗವೇ ಸುಮಾರು 8 ಇಂಚು, ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು. ಎದೆಗೆ ಇಟ್ಟ ಗುರಿ ಬೆನ್ನಿಗೆ ಹೋಗುವುದು ಹೀಗೆ. ಗುರಿಕಾರನ ಕೈ ನಡುಗಿಲ್ಲ, ಜಿಂಕೆಯೇ ಜಾಗ ಬಿಟ್ಟಿದೆ. ಅದಕ್ಕೇ 20 ಗಜ, ಹೆಚ್ಚೆಂದರೆ 25. ಕಿವಿ ನಿಮಿರಿಸಿ ನಮ್ಮತ್ತಲೇ ನೋಡುತ್ತಿರುವ ಜಿಂಕೆಗೆ 20ಕ್ಕೂ ಬಿಡಬಾರದು.

ಕ್ರಾಸ್‌ಬೋ ಬಾಣ ಸೆಕೆಂಡಿಗೆ 350-400 ಅಡಿ ಹೋಗುತ್ತದೆ, ಆದರೂ ಸದ್ದಿಗಿಂತ ಹಿಂದೆಯೇ. ದುರ್ಬೀನು ಹಾಕಿದ್ದರಿಂದ ರೈಫಲ್ ಹಿಡಿದಂತೆ ಅನ್ನಿಸಿ ಜನ 60 ಗಜಕ್ಕೆ ಬಿಡುತ್ತಾರೆ, ತಪ್ಪು ಆಗುವುದು ಅಲ್ಲಿ. ಅದರ ಒಳ್ಳೆಯ ಗುಣವೆಂದರೆ ಎಳೆದು ಹಿಡಿದು ಕಾಯುವ ಕಷ್ಟವಿಲ್ಲ, ತೋಳಿನ ಕಸುವು ಕಡಿಮೆ ಇದ್ದವರಿಗೂ ಗುರಿ ಸ್ಥಿರ.

ಕಾನೂನಿನ ಕನಿಷ್ಠ ಅಳತೆ ನಂಬಿ ಕೂರಬೇಡಿ. ವಿಸ್ಕಾನ್ಸಿನ್‌ನಲ್ಲಿ ಬಿಲ್ಲಿಗೆ 30 ಪೌಂಡ್ ಎಳೆತ ಸಾಕು, ಬಾಣದ ಮೊನೆ 7/8 ಇಂಚು ಅಗಲ ಇರಬೇಕು. ಬಾಣ ಒಂದು ಪಕ್ಕೆಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದರೆ ಮಾತ್ರ ರಕ್ತದ ಜಾಡು ಸರಿಯಾಗಿ ಬೀಳುತ್ತದೆ. ಅದಕ್ಕೆ 45-50 ಪೌಂಡ್, ಭಾರದ ಬಾಣ, ಕ್ಷೌರದ ಬ್ಲೇಡಿನಷ್ಟು ಚೂಪು ಬೇಕು. ಅಭ್ಯಾಸಕ್ಕೆ ಬಿಟ್ಟು ಮೊಂಡಾದ ಮೊನೆಯನ್ನೇ ಕಾಡಿಗೆ ಒಯ್ಯುವುದು ದೊಡ್ಡ ತಪ್ಪು.

ಯಾಣದ_ಬುಡ:
ಒಂದು ಸೇರಿಸುತ್ತೇನೆ. ಬ್ರಿಟನ್, ಜರ್ಮನಿ ಎರಡರಲ್ಲೂ ಜಿಂಕೆಗೆ ಬಿಲ್ಲು ನಿಷಿದ್ಧ. ಇಂಗ್ಲೆಂಡಿನ 1991ರ ಜಿಂಕೆ ಕಾಯಿದೆ ಬಾಣವನ್ನೇ ಪಟ್ಟಿಯಲ್ಲಿಟ್ಟು ಬೇಡ ಅಂದಿದೆ. ರೈಫಲ್ಲಿಗೂ 0.240 ಇಂಚಿನ ವ್ಯಾಸ, 1,700 ಅಡಿ-ಪೌಂಡ್ ಕಸುವು ಕನಿಷ್ಠ ಎಂಬುದು ಅಲ್ಲಿನ ಸಾಮಾನ್ಯ ನಿಯಮ. ಜರ್ಮನಿಯಲ್ಲಿ ದೊಡ್ಡ ಜಿಂಕೆಗೆ 6.5 ಮಿಲಿಮೀಟರ್ ವ್ಯಾಸ, 100 ಮೀಟರಿನಲ್ಲಿ 2,000 ಜೌಲ್. ಅವರು ನೋಡುವುದು ಪ್ರಾಣಿ ಎಷ್ಟು ಬೇಗ ಸಾಯುತ್ತದೆ ಎಂಬುದನ್ನು. ಅಮೆರಿಕದಲ್ಲಿ ‘ಫೇರ್ ಚೇಸ್’ ಎಂಬ ಮಾತು ದೊಡ್ಡದು. 1887ರಲ್ಲಿ ಥಿಯೋಡೋರ್ ರೂಸ್‌ವೆಲ್ಟ್ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಆ ಮಾತನ್ನು ಬೆಳೆಸಿತು. ಅಂದರೆ ಬೇಟೆಗಾರ ಸುಲಭದ ದಾರಿ ಹಿಡಿಯಬಾರದು. ನಿಮ್ಮ ಮನೆಯ ಎರಡು ಮಾತೂ ಇವೇ. ನನ್ನ ಮಟ್ಟಿಗೆ ಮೊದಲು ಬೇಗ ಸಾಯುವುದು, ಆಮೇಲೆ ಉಳಿದದ್ದು.

ಆಯುಧಕ್ಕಿಂತ ವಿಧಾನ ದೊಡ್ಡದು ಮಾರಾಯ್ರೇ. ನಮ್ಮ ಹಿಂದಿನವರ ಮಾತಿನಲ್ಲಿ ಹೇಳುವುದಾದರೆ ಮರಸು ಕೂರುವುದು, ಅಂದರೆ ಅಡಗಿ ಕೂತು ಕಾಯುವುದು ಒಂದು, ಕಾಡು ಸೋವಿ ಎಬ್ಬಿಸುವುದು ಇನ್ನೊಂದು. ವಿಸ್ಕಾನ್ಸಿನ್‌ನಲ್ಲಿ ಗುಂಪಾಗಿ ಸೋವುವುದು ಕಾನೂನುಬದ್ಧ. ಹತ್ತು ಜನ ಸಾಲಾಗಿ ನಡೆದು ಬರುತ್ತಾರೆ, ಇನ್ನು ಕೆಲವರು ಮುಂದೆ ಕಾಯುತ್ತಾರೆ. ಎದ್ದ ಜಿಂಕೆ ಓಟದಲ್ಲೇ ಇರುತ್ತದೆ. ಓಡುವ ಜಿಂಕೆಯ ಎದೆಗೆ ಹೊಡೆಯಲು ಹೋದ ಗುಂಡು ಹೊಟ್ಟೆಗೋ ತೊಡೆಗೋ ಬೀಳುವುದು ಸಹಜ, ಮೇಲಾಗಿ ಗುಂಡಿನ ಆಚೆ ತುದಿಯಲ್ಲಿ ನಮ್ಮವನೇ ಇರಬಹುದು. ಮೊದಲ ವರ್ಷದವನು ಇದಕ್ಕೆ ಸೇರಲೇಬಾರದು. ತೆಂಕಣ ರಾಜ್ಯಗಳಲ್ಲಿ, ಸೌತ್ ಕ್ಯಾರೊಲೈನಾದ ಕರಾವಳಿಯಲ್ಲಿ, ಪೂರ್ವ ವರ್ಜಿನಿಯಾದಲ್ಲಿ, ನಾಯಿ ಬಿಟ್ಟು ಓಡಿಸಿ ದೊಡ್ಡ ಚರೆಯಿಂದ ಹೊಡೆಯುವ ಪದ್ಧತಿ ಇದೆ. ಒಂದು ತೋಟೆಯಲ್ಲಿ ಒಂಬತ್ತು ಚರೆ, 35-40 ಗಜ ದಾಟಿದರೆ ಚದುರಿ ಒಂದೆರಡು ಮಾತ್ರ ತಗಲುತ್ತದೆ. ಜಿಂಕೆ ಓಡುತ್ತದೆ, ಎಲ್ಲೋ ಸಾಯುತ್ತದೆ.

ಇಲ್ಲಿನ ಓದುಗರಿಗೆ ಒಂದು ಸ್ಪಷ್ಟನೆ ಬೇಕು. ಇದ್ಯಾವುದೂ ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ. 1972ರ ವನ್ಯಜೀವಿ ಕಾಯಿದೆಯ 9ನೇ ಸೆಕ್ಷನ್ ಬೇಟೆ ನಿಷೇಧಿಸುತ್ತದೆ. ಉರುಳು ಹಾಕುವುದು, ವಿಷ ಇಡುವುದು, ಸೋವುವುದು, ಇವುಗಳ ಪ್ರಯತ್ನವೂ ಆ ಕಾಯಿದೆಯಲ್ಲಿ ‘ಬೇಟೆ’ಯೇ. ಬೆಳೆ ರಕ್ಷಣೆಗೆ ಕೊಟ್ಟ ಕೋವಿ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು ಮಾತ್ರ. ತೋಟಕ್ಕೆ ಕಡವೆ ಬಂತೆಂದು ಹೊಡೆಯಲು ಅದು ಅನುಮತಿ ಅಲ್ಲ. ಯಲ್ಲಾಪುರ, ಜೋಯಿಡಾ ಕಡೆ ಈ ಗೊಂದಲ ಈಗಲೂ ಇದೆ, ಅದಕ್ಕೇ ಬರೆದೆ. ಉರುಳಿನಷ್ಟು ಕ್ರೂರವಾದದ್ದು ಮೇಲಿನ ಪಟ್ಟಿಯಲ್ಲಿ ಒಂದೂ ಇಲ್ಲ. ಕ್ಲಚ್ ವಯರಿನ ಕುಣಿಕೆ ಜಿಂಕೆ ಯಾವುದು, ಚಿರತೆ ಯಾವುದು ನೋಡುವುದಿಲ್ಲ. ಎಳೆದಷ್ಟೂ ಬಿಗಿಯುತ್ತದೆ, ಬಿಡಿಸುವವರು ಬರುವುದು ಮರುದಿನ.

ಕೋಟೆಕೆರೆ_ಶಿರಸಿ:
ಇಬ್ಬರಿಗೂ ಧನ್ಯವಾದ. ತಮ್ಮನಿಗೆ ಅಭ್ಯಾಸಕ್ಕೆ ಇರುವುದು ಎರಡೇ ತಿಂಗಳು, ಅದೂ ಶನಿವಾರ ಭಾನುವಾರ. ಜೊತೆಗಾರರ ಹತ್ತಿರ 308 ರೈಫಲ್ ಇದೆಯಂತೆ. ಮಜಲ್‌ಲೋಡರೂ ಇದೆ. ಮೆಕ್ಕೆಜೋಳ ಸುರಿದು ಜಿಂಕೆ ಕರೆಸುತ್ತಾರೆ ಅಂತಲೂ ಹೇಳಿದ.

ಕಾಳಿ_ಸಂಗಮ:
ಎರಡು ತಿಂಗಳಾದರೆ ರೈಫಲ್ಲೇ, ಬೇರೆ ಯೋಚನೆ ಬೇಡ. ಆದರೆ ಅದಕ್ಕೂ ಮೊದಲು ಒಂದು ವಿಷಯ. ನಿಮ್ಮ ತಮ್ಮ ಎಚ್-1ಬಿ ಥರದ ವೀಸಾದಲ್ಲಿದ್ದರೆ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕೋವಿ ಕೈಯಲ್ಲಿ ಹಿಡಿಯುವುದೇ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆದ್ದರಿಂದ ಗುಂಡು ಹೊಡೆಯುವ ರೇಂಜಿಗೆ ಅಭ್ಯಾಸಕ್ಕೆ ಹೋಗುವ ಮೊದಲೇ ಲೈಸೆನ್ಸ್ ಕೊಂಡಿರಲಿ, ಜೇಬಿನಲ್ಲೇ ಇರಲಿ.

308ರಲ್ಲಿ 150 ಗ್ರೇನ್ (ಸುಮಾರು 10 ಗ್ರಾಂ) ತೂಕದ ಗುಂಡು ಸೆಕೆಂಡಿಗೆ ಸುಮಾರು 2,800 ಅಡಿ ವೇಗದಲ್ಲಿ ಹೊರಡುತ್ತದೆ. ಸದ್ದಿಗಿಂತ ಮುಂಚೆ ತಲುಪುವುದರಿಂದ ಜಿಂಕೆ ಕುಸಿಯುವ ತೊಂದರೆ ಇಲ್ಲ. 100 ಗಜಕ್ಕೆ ಗುರಿ ಕೂರಿಸಿದರೆ 200 ಗಜದಲ್ಲಿ ಸುಮಾರು 4 ಇಂಚು ಕೆಳಗೆ, 300ರಲ್ಲಿ ಒಂದು ಅಡಿಗೂ ಮಿಕ್ಕಿ ಕೆಳಗೆ ಬೀಳುತ್ತದೆ. ಬೆಂಚಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ ಹೊಡೆದದ್ದು ರೈಫಲ್ಲಿನ ಪರೀಕ್ಷೆ ಅಷ್ಟೆ, ಅವನ ಪರೀಕ್ಷೆ ಅಲ್ಲ. ಕಾಡಿನಲ್ಲಿ ಹೇಗೆ ಕೂರುತ್ತಾನೋ ಹಾಗೇ ನೆಲದ ಮೇಲೆ ಕೂತು, ದಪ್ಪ ಜಾಕೆಟ್ ಹಾಕಿಕೊಂಡು, 8 ಇಂಚಿನ ಕಾಗದದ ತಟ್ಟೆಗೆ ಹತ್ತು ಗುಂಡು ಬಿಡಲಿ. ಹತ್ತೂ ತಟ್ಟೆಯೊಳಗೆ ಬಿದ್ದ ದೂರವೇ ಅವನ ದೂರ. ಅದು 70 ಗಜವಾದರೆ 70. ಜೊತೆಗಾರ 250ಕ್ಕೆ ಹೊಡೆಯುತ್ತಾನೆ ಅನ್ನುವುದು ಲೆಕ್ಕಕ್ಕಿಲ್ಲ.

ಜಿಂಕೆ ಪೂರ್ತಿ ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ತುಸು ಆಚೆ ತಿರುಗಿರಬೇಕು. ಮುಂಗಾಲಿನ ಹಿಂದೆ, ಎದೆಯ ಎತ್ತರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ ಗುರಿ. ಎದುರು ಮುಖ, ತಲೆ, ಕುತ್ತಿಗೆ ಬೇಡ. ತಲೆಗೆ ಇಟ್ಟದ್ದು ಎರಡು ಇಂಚು ತಪ್ಪಿದರೆ ದವಡೆ ಮುರಿದು ಉಪವಾಸದಿಂದ ಸಾಯುತ್ತದೆ. ಜಿಂಕೆಯ ಹಿಂದೆ ಮಣ್ಣಿನ ದಿಬ್ಬ ಕಾಣಬೇಕು. ದಿಬ್ಬದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಜಿಂಕೆ ಎಷ್ಟೇ ಹತ್ತಿರವಿದ್ದರೂ ಬಿಟ್ಟುಬಿಡಬೇಕು.

ಮಜಲ್‌ಲೋಡರ್ ಈ ಸಲ ಬೇಡ. ಇರುವುದು ಒಂದೇ ಈಡು, ಹೊಡೆದ ಕೂಡಲೇ ಹೊಗೆ ಕವಿದು ಜಿಂಕೆ ಹೇಗೆ ಓಡಿತು ಅನ್ನುವುದೇ ಕಾಣುವುದಿಲ್ಲ. ನಮ್ಮ ಮಳೆಗಾಲದಲ್ಲಿ ಕೇಪು ತಂಡಿ ಹಿಡಿಯುವಂತೆ, ಹಿಮದಿಂದ ಬೆಚ್ಚಗಿನ ಕಾರಿಗೆ ತಂದರೆ ನಳಿಗೆಯೊಳಗೆ ನೀರು ಕಟ್ಟಿ ಮದ್ದು ಒದ್ದೆಯಾಗುತ್ತದೆ. ಕೇಪು ಸಿಡಿದು ಈಡು ಹೋಗದಿದ್ದರೆ ನಳಿಗೆಯನ್ನು ದಿಬ್ಬದತ್ತಲೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು, ತಡವಾಗಿ ಹೊತ್ತಿಕೊಳ್ಳುವುದುಂಟು.

ಜೋಳದ ವಿಷಯಕ್ಕೆ ನನ್ನ ವಿರೋಧ ಗಟ್ಟಿಯಾಗಿದೆ. ಹತ್ತಿರ, ಸುಮ್ಮನೆ, ಅಡ್ಡಲಾಗಿ ನಿಂತ ಜಿಂಕೆ ಸಿಗುವುದರಿಂದ ಗಾಯ ಕಡಿಮೆ ಎನ್ನುವ ವಾದದಲ್ಲಿ ಸತ್ಯವಿದೆ. ಆದರೆ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂಬ, ಪ್ರಯಾನ್ ಅನ್ನುವ ಕೆಟ್ಟ ಪ್ರೋಟೀನಿನಿಂದ ಬರುವ ರೋಗ 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡದ್ದು, 2002ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾಯಿತು. ಮಿದುಳು ತೂತುಬಿದ್ದು ಜಿಂಕೆ ಸೊರಗಿ ಸಾಯುತ್ತದೆ, ಔಷಧ ಇಲ್ಲ. ಜೊಲ್ಲು, ಮೂತ್ರದಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಂದೇ ರಾಶಿಗೆ ಹತ್ತು ಜಿಂಕೆ ಮೂತಿ ಇಟ್ಟರೆ ಏನಾಗುತ್ತದೆ ಯೋಚಿಸಿ. ರೋಗ ಕಂಡ ಕೌಂಟಿಗಳಲ್ಲಿ (ಅಲ್ಲಿನ ಜಿಲ್ಲೆಗಳಲ್ಲಿ) ಆಮಿಷ ಹಾಕುವುದು ನಿಷಿದ್ಧ, ಬೇರೆ ಕಡೆ 2 ಗ್ಯಾಲನ್ ಮಿತಿ. ಅನುಮತಿ ಇರುವ ಕೌಂಟಿಯಾದರೂ ಹಾಕಬಾರದು. ಹೊಡೆದ ಜಿಂಕೆಯ ಕತ್ತಿನ ಗ್ರಂಥಿ ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವ ತನಕ ಮಾಂಸ ಫ್ರೀಜರಿನಲ್ಲಿರಲಿ.

ಗುಂಡು ತಾಮ್ರದ್ದು ಕೊಳ್ಳಲಿ. ಸೀಸದ ಗುಂಡು ಒಳಗೆ ಪುಡಿಯಾಗಿ ಕಣ್ಣಿಗೆ ಕಾಣದ ಚೂರು ಮಾಂಸದಲ್ಲಿ ದೂರದವರೆಗೆ ಹರಡುತ್ತದೆ, ಬಿಟ್ಟ ಕರುಳು ತಿಂದ ಹದ್ದುಗಳಿಗೂ ವಿಷ. ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸವನ್ನೇ ನಿಲ್ಲಿಸಿದೆ. ತಾಮ್ರ ಅರಳಲು ವೇಗ ಬೇಕು, ಹಾಗಾಗಿ 150ರ ಬದಲು 130 ಗ್ರೇನ್ ತೆಗೆದುಕೊಳ್ಳಲಿ. ಗುಂಡು ಬದಲಾದರೆ ಬೀಳುವ ಜಾಗವೂ ಬದಲಾಗುತ್ತದೆ, ಗುರಿ ಹೊಸದಾಗಿ ಕೂರಿಸಬೇಕು.

ಅಘನಾಶಿನಿ_ದಂಡೆ:
ಒಪ್ಪಿದೆ. ಈಡು ಬಿಟ್ಟ ಮೇಲಿನದ್ದನ್ನು ಯಾರೂ ಹೇಳಿಲ್ಲ, ಅದನ್ನು ಬರೆಯುತ್ತೇನೆ.

ಕೂಡಲೇ ಇನ್ನೊಂದು ಗುಂಡು ಏರಿಸಿಕೊಂಡು, ಜಿಂಕೆ ನಿಂತಿದ್ದ ಜಾಗವನ್ನು ಒಂದು ಮರದ ಗುರುತಿನಿಂದ ನೆನಪಿಟ್ಟುಕೊಳ್ಳಬೇಕು. ಕಣ್ಣೆದುರೇ ಬೀಳದಿದ್ದರೆ ಅರ್ಧ ಗಂಟೆ ಅಲುಗಬಾರದು. ಬೆನ್ನಟ್ಟಿದರೆ ನೂರು ಗಜದಲ್ಲಿ ಮಲಗುವ ಜಿಂಕೆ ಮೈಲಿಗಟ್ಟಲೆ ಹೋಗುತ್ತದೆ. ಆಮೇಲೆ ಆ ಜಾಗಕ್ಕೆ ಹೋಗಿ ರಕ್ತ ನೋಡಲಿ. ತಿಳಿಗೆಂಪು, ನೊರೆ ನೊರೆ ಇದ್ದರೆ ಪುಪ್ಪುಸ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪು ಇದ್ದರೆ ಪಿತ್ತಜನಕಾಂಗ, ನಾಲ್ಕು ಗಂಟೆ ಕಾಯಬೇಕು. ಹಸಿರು ರಸ, ಕೆಟ್ಟ ವಾಸನೆ ಬಂದರೆ ಹೊಟ್ಟೆಗೆ ತಗಲಿದೆ, ಎಂಟು ಗಂಟೆಯಾದರೂ ಬಿಡಬೇಕು. ಕಾಯುವುದು ಕಟುಕತನ ಅನ್ನಿಸಬಹುದು, ಆದರೆ ಎಬ್ಬಿಸಿ ಓಡಿಸಿದರೆ ನರಳುವುದು ಇನ್ನೂ ಉದ್ದ, ಸಿಗದೇ ಹೋಗುವ ಭಯವೂ ಇದೆ. ಜಾಡು ತಪ್ಪಿದ ಕಡೆ ಕೊನೆಯ ಹನಿಯ ಪಕ್ಕ ಕಾಗದದ ತುಂಡು ಇಟ್ಟು, ಅಲ್ಲಿಂದ ಸುತ್ತು ಹಾಕಲಿ. ಹಗ್ಗ ಕಟ್ಟಿದ ಜಾಡು ಹಿಡಿಯುವ ನಾಯಿ ಬಳಸಲು ವಿಸ್ಕಾನ್ಸಿನ್‌ನಲ್ಲಿ ಅವಕಾಶವಿದೆ. ಅಂಥ ನಾಯಿ ಇರುವವರ ಫೋನ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಲಿ, ರಾತ್ರಿ ಕಾಡಿನಲ್ಲಿ ಹುಡುಕುವುದಲ್ಲ.

ಮರದ ಅಟ್ಟಣೆ ಏರುವುದಾದರೆ ನೆಲದಲ್ಲಿರುವಾಗಲೇ ಮೈಪಟ್ಟಿ ಕಟ್ಟಿ ಹಗ್ಗಕ್ಕೆ ಸಿಕ್ಕಿಸಿಕೊಂಡೇ ಹತ್ತಬೇಕು. ನಮ್ಮ ಅಡಿಕೆ ಕೊನೆ ಕೊಯ್ಯುವವರಿಗೆ ಗೊತ್ತಿರುವ ಹಾಗೆ ಜಾರುವುದು ಹತ್ತುವಾಗ, ಇಳಿಯುವಾಗ. ಕೋವಿ ಖಾಲಿ ಮಾಡಿ ಬೇರೆ ಹಗ್ಗದಲ್ಲಿ ಮೇಲಕ್ಕೆ ಎಳೆದುಕೊಳ್ಳಲಿ. ಸೊಂಟದಿಂದ ಮೇಲಿನ ಬಟ್ಟೆಯಲ್ಲಿ ಕನಿಷ್ಠ ಅರ್ಧ ಭಾಗ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕು, ಟೊಪ್ಪಿಗೂ ಅದೇ.

ಜಿಂಕೆ ಸಿಕ್ಕ ಮರುದಿನ ಸಂಜೆ 5 ಗಂಟೆಯೊಳಗೆ ಆನ್‌ಲೈನಿನಲ್ಲೋ ಫೋನಿನಲ್ಲೋ ನೋಂದಣಿ ಆಗಲೇಬೇಕು.

ಕೋಟೆಕೆರೆ_ಶಿರಸಿ:
ಎಲ್ಲವನ್ನೂ ಅವನಿಗೆ ಕಳಿಸಿದೆ. ರೈಫಲ್, ಮರಸು, ತಾಮ್ರದ ಗುಂಡು, ಸೋವುವ ಗುಂಪಿಗೆ ಸೇರುವುದಿಲ್ಲ, ಜೋಳ ಹಾಕುವ ಜಾಗಕ್ಕೂ ಹೋಗುವುದಿಲ್ಲ ಎಂದು ಒಪ್ಪಿದ್ದಾನೆ. ಕಾಗದದ ತಟ್ಟೆಯ ಪರೀಕ್ಷೆ ಬರುವ ಶನಿವಾರ.